ಪ್ರತಿಷ್ಠೆಯಾದ ಮೇಲಿನ ಮಾತು

ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಇಂದು ನಾವು ಚೆನ್ನಕೇಶವನೆಂದು ಕರೆಯುವ ದೇವರು ಆತನೇ. ಮೂರ್ತಿಯು ಪೀಠದ ಮೇಲೆ ನಿಂತೊಡನೆ ಶಿಲ್ಪಿಯ ಕೆಲಸ ಮುಗಿದಿರಬಹುದು. ಪ್ರತಿಷ್ಠೆಯ ಕೆಲಸ ಮುಗಿಯುವುದಿಲ್ಲ. ದೇವರ ನೈವೇದ್ಯಕ್ಕೆ ಯಾವ ಊರಿನ ಹುಟ್ಟುವಳಿ ಸಲ್ಲತಕ್ಕದ್ದು, ನಂದಾದೀವಿಗೆಯ ಎಣ್ಣೆಯನ್ನು ಯಾರು ಒದಗಿಸತಕ್ಕದ್ದು, ಬಿಟ್ಟ ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಇದಕ್ಕೆ ತಪ್ಪಿದವನ ಗತಿ ಏನು ಎಂಬಿವೆಲ್ಲವನ್ನೂ ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸಿದ ಮೇಲೆಯೇ ಅಂಥ ಕಾರ್ಯವು ಪೂರ್ತಿಯಾಯಿತೆಂದು ಹೊಯ್ಸಳರ ಕಾಲದವರು ಎಣಿಸುತ್ತಿದ್ದರು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನಲ್ಲಿ ಇಂಥ ಕಲ್ಲುಗಳಿಗೆ ಲೆಕ್ಕವಿಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 5ನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ.

ಈ ಹಳೆಯ ಮಾತನ್ನು ಎತ್ತಿದ್ದಕ್ಕೆ ಕಾರಣವು ತೀರ ಹೊಸದು. ಇಂದು ಮನೆಮನೆಯ ಗಣಕಯಂತ್ರದಲ್ಲಿಯೂ ಪ್ರತಿಷ್ಠೆಗಳು ನಡೆಯುತ್ತಿವೆ. ಒಂದು ತಂತ್ರಾಂಶವನ್ನು, ಅದಕ್ಕೆ ಬೇಕಾದ ಕಡತಗಳನ್ನೂ ಸೂಚನೆಗಳನ್ನೂ ಒಟ್ಟಿಗೆ ಕಟ್ಟಿ ಕಳುಹಿಸಿದ ಗಂಟಿಗೆ ಪ್ಯಾಕೇಜ್ ಎಂದು ಹೆಸರು. ಗಂಟನ್ನು ಬಿಚ್ಚಿ, ಒಳಗಿನ ಸಾಮಗ್ರಿಯನ್ನು ಯಂತ್ರದಲ್ಲಿ ಆಯಾ ಸ್ಥಾನಕ್ಕೆ ಸೇರಿಸುವುದೇ ಇನ್‌ಸ್ಟಾಲ್ ಮಾಡುವುದು. ಸೇರಿಸಿದ್ದು ಮುಗಿದ ಮೇಲೆ ಪರದೆಯ ಮೇಲೆ ಎರಡು ಮೂರು ಸಾಲು ಮೂಡುತ್ತವೆ. ಅವೇ ನಮ್ಮ ಕಾಲದ ಪ್ರತಿಷ್ಠಾಶಾಸನಗಳು. ಈ ಸಾಲುಗಳನ್ನು ಬರೆಯುವವರು ಬಹುಮಟ್ಟಿಗೆ ಯಂತ್ರಜ್ಞರು, ಅನುವಾದಿಸುವವರು ಕೆಲವರು ಉತ್ಸಾಹಿಗಳು, ಓದಬೇಕಾದವರು ನಾವೆಲ್ಲರೂ. ಆದರೂ ಸಾಹಿತ್ಯವನ್ನು ಓದುವವರಾಗಲಿ ಕಲಿಸುವವರಾಗಲಿ ಇವುಗಳ ಭಾಷೆಯ ಕಡೆಗೆ ಒಮ್ಮೆಯೂ ಕಣ್ಣೆತ್ತಿ ನೋಡಿದಂತೆ ಕಾಣುವುದಿಲ್ಲ. ಎರಡು ಸಾಲಿನ ಗದ್ಯವೂ ಗದ್ಯವೇ ಅಲ್ಲವೆ?

ಈ ಗದ್ಯ ಕೆಟ್ಟರೆ ಆಗುವ ನಷ್ಟವು ಅಲಂಕಾರಕ್ಕೆ ಸಂಬಂಧಪಟ್ಟದ್ದಲ್ಲ. ಲಿನಕ್ಸ್ ವ್ಯವಸ್ಥೆಯ ಗಣಕದಲ್ಲಿ ಕನ್ನಡವನ್ನು ಬೆರಳಚ್ಚಿಸಲು ಐಬಸ್ ಎಂಬ ಸಾಧನವೂ ಅದರ ಜೊತೆಗೆ ಎಂ-17-ಎನ್ ಎಂಬ ಪ್ಯಾಕೇಜೂ ಉಂಟು. ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ 'ಕಗಪ' ಎಂದು ಕರೆಯಲ್ಪಡುವ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಅದರಲ್ಲಿದೆ. ವಿದ್ಯಾರ್ಥಿಯೊಬ್ಬನು ಈ ಪ್ಯಾಕೇಜನ್ನು ಸೇರಿಸಿದನೆನ್ನಿ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾಲುಗಳು ಸರಸರನೆ ಓಡುತ್ತವೆ: ಇಂಥ ಗಂಟನ್ನು ಬಿಚ್ಚುತ್ತಿದ್ದೇನೆ, ಇಂಥದನ್ನು ಜೋಡಿಸುತ್ತಿದ್ದೇನೆ, ಇಂಥದಕ್ಕೆ ಸಂಬಂಧಿಸಿದ ಕೆಲಸವನ್ನು ನಡೆಸುತ್ತಿದ್ದೇನೆ ಎಂದು. ಎಲ್ಲವೂ ಯಂತ್ರದ ದಿನಚರಿ. ಇನ್ನು ನೀನು ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕು, ಕೀಲಿಮಣೆಯ ಸಿದ್ಧತೆಯಲ್ಲಿ ಕನ್ನಡವನ್ನು ಆರಿಸಿಕೊಳ್ಳಬೇಕು ಎಂಬ, ಆತನಿಗೆ ಬೇಕಾದ ಒಂದೇ ಒಂದು ಮಾತು ಆ ಸಾಲುಗಳಲ್ಲಿ ಇರುವುದಿಲ್ಲ. ಆತನು ಕೀಲಿಯನ್ನು ಒತ್ತುತ್ತಾನೆ. ಇಂಗ್ಲಿಷ್ ಅಕ್ಷರವೇ ಮೂಡುತ್ತದೆ. ನಾಲ್ಕು ಸಲ ಒತ್ತಿ, 'ಇದರಲ್ಲಿ ಕನ್ನಡ ಬರುವುದಿಲ್ಲ ಸಾರ್' ಎಂದು ಎದ್ದುಹೋಗುತ್ತಾನೆ. ನಮ್ಮ ಕಾಲೇಜಿನ ಗಣಕದ ಕೊಠಡಿಯಲ್ಲಿ ನಾನು ಈ ಮಾತನ್ನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಕನ್ನಡ ಆ ಯಂತ್ರದೊಳಗೆ ಬಂದು ಕುಳಿತಿತ್ತು. ಬಂದಿದೆಯೆಂದು ಹೇಳುವವರು ಮಾತ್ರ ಇರಲಿಲ್ಲ.

ಇದು ಹೇಳದೆ ಬಿಟ್ಟದ್ದರ ಕತೆ. ಹೇಳಿದರೂ ತಿಳಿಯದಂತೆ ಹೇಳುವುದು ಇನ್ನೊಂದು ಕತೆ. ಕನ್ನಡದ ಅನುವಾದಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ಗಣಕಗಳ ಕನ್ನಡ ಪರದೆಗಳಲ್ಲಿ ಓಡಾಡಿದವರಿಗೆ ಈ ಬಗೆಯ ವಾಕ್ಯದ ಪರಿಚಯ ಇದ್ದೇ ಇರುತ್ತದೆ: 'ಪ್ಯಾಕೇಜ್ ಅನ್ನು ಯಶಸ್ವಿಯಾಗಿ ಅನುಸ್ಥಾಪಿಸಲಾಗಿದೆ. ಬದಲಾವಣೆಗಳು ಕಾರ್ಯರೂಪಕ್ಕೆ ಬರುವ ಸಲುವಾಗಿ ದಯವಿಟ್ಟು ನಿಮ್ಮ ಅಧಿವೇಶನವನ್ನು ಮರುಆರಂಭಿಸಿ.' ಇದು ಒಂದು ನಿರ್ದಿಷ್ಟ ತಂತ್ರಾಂಶದಿಂದ ಎತ್ತಿದ್ದಲ್ಲ. ಜಾತಿಯ ಲಕ್ಷಣವನ್ನು ತೋರಿಸಲು ನಾನೇ ಹೊಸೆದದ್ದು. ಇದನ್ನು ಸ್ವಲ್ಪ ಸಾವಧಾನವಾಗಿ ಬಿಡಿಸಿ ನೋಡೋಣ.

ಮೊದಲಿಗೆ 'ಯಶಸ್ವಿಯಾಗಿ'. ನಮ್ಮ ಮನೆಗಳಲ್ಲಿ ಯಾರಾದರೂ 'ಹಾಲನ್ನು ಯಶಸ್ವಿಯಾಗಿ ಕಾಯಿಸಲಾಗಿದೆ' ಎನ್ನುವರೆ? 'ಹಾಲು ಕಾಯಿತು' ಎನ್ನುತ್ತಾರೆ. ಆಯಿತು ಎಂದ ಮೇಲೆ ಯಶಸ್ಸು ಅದರಲ್ಲಿಯೇ ಅಡಗಿದೆ. ಆಗದಿದ್ದರೆ ಆಗಲಿಲ್ಲ ಎನ್ನುತ್ತೇವೆ. 'ಆಗು' ಎಂಬ ಈ ಧಾತು ಕನ್ನಡದ ದೊಡ್ಡ ಸಂಪತ್ತು. ಊಟವಾಯಿತು, ಮದುವೆಯಾಯಿತು, ಬೆಳಗಾಯಿತು ಎಂದು ಹುಟ್ಟಿನಿಂದ ಸಾವಿನವರೆಗೆ ಅದೊಂದರಿಂದಲೇ ನಡೆಯಿಸಿಕೊಂಡು ಬಂದ ಜನರಿಗೆ ಗಣಕದ ಮುಂದೆ ಕುಳಿತೊಡನೆ ಅದು ಮರೆತುಹೋಗಬೇಕಾದ ಕಾರಣ ತಿಳಿಯದು.

ಎರಡನೆಯದು 'ಲಾಗಿದೆ'. ಇದರ ಅಣ್ಣನಾದ 'ಲ್ಪಟ್ಟಿದೆ'ಯನ್ನು ನಮ್ಮ ಮೇಷ್ಟ್ರುಗಳು ಬೈದು ಬೈದು ಕೊಂಚ ಹದಕ್ಕೆ ತಂದಿದ್ದರು. ಆತನ ಸ್ಥಾನದಲ್ಲಿ ಈ ತಮ್ಮನು ಬಂದು ಕುಳಿತಿದ್ದಾನೆ. ಕರ್ಮಣಿಪ್ರಯೋಗವು ಕನ್ನಡದಲ್ಲಿ ವ್ಯಾಕರಣದ ಪುಸ್ತಕದಲ್ಲಿರುವಷ್ಟು ಜನರ ಬಾಯಲ್ಲಿಲ್ಲ. ಇಂಗ್ಲಿಷಿನ ವಾಕ್ಯದಲ್ಲಿ ಮಾಡಿದವನು ಯಾರೆಂಬುದು ಮರೆಯಾಗಿದ್ದರೆ ಅನುವಾದಕನು ಕೂಡಲೆ ಕರ್ಮಣಿಗೆ ಶರಣಾಗುತ್ತಾನೆ. ಇದಕ್ಕೆ ಒಂದು ಸಮರ್ಥನೆಯೂ ಇದೆ. ಡೆಬಿಯನ್ ಎಂಬ ಸ್ವತಂತ್ರ ತಂತ್ರಾಂಶದ ಬಳಗವು ತನ್ನ ಲೇಖಕರಿಗೆ ಕೊಟ್ಟಿರುವ ಕೈಪಿಡಿಯಲ್ಲಿ ಯಂತ್ರವು 'ನಾನು' ಎಂದು ಮಾತನಾಡಬಾರದೆಂಬ ಸೂಚನೆಯಿದೆ. ಯಂತ್ರಕ್ಕೆ ಅಹಂಕಾರ ಬೇಡವೆಂಬುದು ಯುಕ್ತವೇ. ಆದರೆ 'ನಾನು' ಬಿಟ್ಟರೆ 'ಲಾಗಿದೆ' ಒಂದೇ ಗತಿಯೆಂಬುದು ಇಂಗ್ಲಿಷಿನ ಸಂಕಟ, ಕನ್ನಡದ್ದಲ್ಲ. 'ಕೀಲಿಮಣೆ ಸಿದ್ಧವಾಗಿದೆ' ಎಂಬಲ್ಲಿ ನಾನೂ ಇಲ್ಲ, ಲಾಗಿದೆಯೂ ಇಲ್ಲ.

ಮೂರನೆಯದು 'ಅನುಸ್ಥಾಪನೆ'. ಇನ್‌ಸ್ಟಾಲ್ ಎಂಬುದಕ್ಕೆ ಸಂವಾದಿಯಾಗಿ ಈ ಶಬ್ದವು ಗಣಕದ ಕನ್ನಡದಲ್ಲಿ ಬೇರು ಬಿಟ್ಟಿದೆ. ಇದನ್ನು ಟಂಕಿಸಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಶಬ್ದದ ಬಗ್ಗೆ ಇಲ್ಲ. ಸಂಸ್ಕೃತದ ದಾರಿಯನ್ನೇ ಹಿಡಿಯುವುದಾದರೆ ಪ್ರತಿ ಎಂಬುದರ ಮುಂದೆ ಸ್ಥಾ ಧಾತು ಬಂದು 'ಪ್ರತಿಷ್ಠೆ'ಯಾದಂತೆ, ಅನು ಎಂಬುದರ ಮುಂದೆ ಬಂದಾಗ 'ಅನುಷ್ಠಾನ'ವಾಗುತ್ತದೆ, ಸಕಾರವು ಷಕಾರವಾಗಲೇಬೇಕು. ಹಾಗೆ ಮಾಡಿದರೆ ದೊರೆಯುವ 'ಅನುಷ್ಠಾಪನ'ಕ್ಕೆ ಆಚರಣೆಗೆ ತರಿಸುವುದೆಂಬ ಬೇರೊಂದು ಅರ್ಥ. ಹೀಗೆ ಸಂಸ್ಕೃತಕ್ಕೂ ಸಲ್ಲದೆ, ಕನ್ನಡಿಗರ ನಾಲಗೆಗೂ ಒಗ್ಗದೆ ನಡುವೆ ನಿಂತ ಶಬ್ದವಿದು. ನಮ್ಮಲ್ಲಿ 'ಅಳವಡಿಸು' ಎಂಬ ಒಳ್ಳೆಯ ಕ್ರಿಯಾಪದವುಂಟು. ನೇಗಿಲಿಗೆ ಗುಳವನ್ನು ಅಳವಡಿಸುತ್ತೇವೆ, ಬಾವಿಗೆ ಪಂಪನ್ನು ಅಳವಡಿಸುತ್ತೇವೆ. ಗಣಕಕ್ಕೆ ತಂತ್ರಾಂಶವನ್ನು ಅಳವಡಿಸಲು ಅಡ್ಡಿಯೇನು? 'ಇನ್‌ಸ್ಟಾಲ್ ಮಾಡಿ' ಎಂದು ಬರೆದರೂ ನಾನು ಜಗಳವಾಡುವುದಿಲ್ಲ, ಓದಿದವನಿಗೆ ತಿಳಿಯುತ್ತದೆ.

'ಅಧಿವೇಶನ'ದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಒಬ್ಬನು ಗಣಕಕ್ಕೆ ಒಳಹೊಕ್ಕು ಹೊರಬರುವವರೆಗಿನ ಅವಧಿಗೆ ಇಂಗ್ಲಿಷಿನಲ್ಲಿ ಸೆಷನ್ ಎಂದು ಹೆಸರು. ವಿಧಾನಮಂಡಲದ ಸೆಷನ್ನಿಗೆ ಅಧಿವೇಶನವೆನ್ನುತ್ತೇವಾದ್ದರಿಂದ ಇದಕ್ಕೂ ಅದೇ ಆಯಿತು. ಹಳ್ಳಿಯ ಹುಡುಗಿಯೊಬ್ಬಳಿಗೆ 'ನಿಮ್ಮ ಅಧಿವೇಶನವನ್ನು ಆರಂಭಿಸಿ' ಎಂದರೆ ಆಕೆ ಬೆಳಗಾವಿಗೆ ಹೋಗಬೇಕೆ? ಇನ್ನು 'ಮರುಆರಂಭ' ಎಂಬುದು ಕನ್ನಡಕ್ಕೆ ಸಂಸ್ಕೃತವನ್ನು ಗಂಟುಹಾಕಿದ ಅರಿಸಮಾಸ. ಹೊಯ್ಸಳರ ಕಾಲದಲ್ಲಿಯೇ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ನೋಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನು. ನಾನು ಅಷ್ಟು ಮಡಿಯವನಲ್ಲ. 'ಮತ್ತೆ ಒಳಬನ್ನಿ' ಎಂದರೆ ಸಮಾಸದ ಗೊಡವೆಯೇ ಇರುವುದಿಲ್ಲ.

ಸಂಸ್ಕೃತವನ್ನು ನಾನು ದೂರುತ್ತಿದ್ದೇನೆಂದು ಯಾರೂ ತಿಳಿಯಬಾರದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸಿದ, ಸುಮಾರು 450ರದೆಂದು ಹೇಳಲಾಗುವ 16 ಸಾಲುಗಳ ಶಾಸನವನ್ನು ನೋಡಿರಿ. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಬಹುಕಾಲ ನಾವು ಮೆರೆಸಿದ ಆ ಕಲ್ಲಿನಲ್ಲಿ ಸಂಸ್ಕೃತದ ಸಮಾಸಗಳೇ ತುಂಬಿವೆ. ವಿಭಕ್ತಿ ಪ್ರತ್ಯಯ, ಕ್ರಿಯಾಪದಗಳಲ್ಲಿ ಕನ್ನಡವು ತಲೆಯೆತ್ತುತ್ತದೆ. ಅಧಿಕಾರದ ಭಾಷೆ ಜನರ ಭಾಷೆಯೊಳಗೆ ಇಳಿಯತೊಡಗಿದ ಕಾಲದ ಮುಜುಗರ ಅದರಲ್ಲಿದೆ. ಗಣಕದ ಕನ್ನಡವೂ ಈಗ ತನ್ನ ಹಲ್ಮಿಡಿಯ ಕಾಲದಲ್ಲಿದೆಯೆನ್ನಬಹುದು. ಆದರೆ ಅದೇ ಸೀಮೆಯಲ್ಲಿ ಆರುನೂರು ಏಳುನೂರು ವರ್ಷಗಳ ಅನಂತರ ಹೊಯ್ಸಳರ ಶಾಸನಕವಿಗಳು ಒಂದು ವಿವೇಕವನ್ನು ಕಲಿತಿದ್ದರು. ರಾಜನ ಬಿರುದಾವಳಿ, ವಂಶದ ಹೊಗಳಿಕೆ ಇವುಗಳಲ್ಲಿ ಸಮಾಸಗಳ ಮೆರವಣಿಗೆಯೇ ನಡೆಯುತ್ತದೆ. ಯಾರಿಗೆ ಎಷ್ಟು ತಿಳಿದರೂ ಅಲ್ಲಿ ನಷ್ಟವಿಲ್ಲ. ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಸ್ಥಳ ಬಂದೊಡನೆ ಮಾತು ನೆಲಕ್ಕಿಳಿಯುತ್ತದೆ: ಮೂಡಲು ಕೆರೆಯ ಕೋಡಿ, ತೆಂಕಲು ಹುಣಿಸೆಯ ಮರ, ಪಡುವಲು ನಟ್ಟ ಕಲ್ಲು ಎಂಬ ರೀತಿ. ಆ ಭಾಗವನ್ನು ಓದಿಸಿಕೊಂಡು ನಡೆಯಬೇಕಾದವನು ಊರಿನ ಗೌಡ, ಒಕ್ಕಲಿಗ. ಆತನಿಗೆ ತಿಳಿಯದಿದ್ದರೆ ದೇವರ ಗದ್ದೆಯನ್ನು ನೆರೆಯವನು ಉತ್ತುಕೊಳ್ಳುತ್ತಾನೆ.

ಅಂದರೆ, ಮಾಡತಕ್ಕ ಕೆಲಸವನ್ನು ಹೇಳುವ ವಾಕ್ಯವು ಮಾಡತಕ್ಕವನ ಮಾತಿನಲ್ಲಿರಬೇಕು. ತಂತ್ರಾಂಶದ ಸಂದೇಶಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ.

ಇನ್ನೊಂದು ತೊಡಕು ಭಾಷೆಯ ರಚನೆಗೆ ಸೇರಿದ್ದು. ಇದನ್ನು ಕನ್ನಡ ಬಲ್ಲವರು ಮಾತ್ರ ಬಿಡಿಸಬಲ್ಲರು. ಸಂದೇಶವನ್ನು ಬರೆಯುವವನು ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಬೇರೆ ವಾಕ್ಯವನ್ನು ಬರೆಯುವುದಿಲ್ಲ. ವಾಕ್ಯದ ನಡುವೆ ಒಂದು ಖಾಲಿ ಸ್ಥಳವನ್ನು ಬಿಟ್ಟಿರುತ್ತಾನೆ; ಯಂತ್ರವು ಸಮಯಕ್ಕೆ ತಕ್ಕ ಹೆಸರನ್ನು ಅಲ್ಲಿ ತುಂಬುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದವರಿಗೆಲ್ಲ ಈ ಉಪಾಯವು ಕಿವಿಯಿಂದ ಗೊತ್ತು. ಪ್ರಯಾಣಿಕರ ಗಮನಕ್ಕೆಂದು ಆರಂಭವಾಗುವ ಪ್ರಕಟಣೆಯಲ್ಲಿ ಗಾಡಿಯ ಸಂಖ್ಯೆ, ಊರಿನ ಹೆಸರು, ವೇಳೆ ಇವೆಲ್ಲ ಮೊದಲೇ ಮುದ್ರಿಸಿಟ್ಟ ಧ್ವನಿಯ ತುಣುಕುಗಳು. ಒಂದಕ್ಕೊಂದು ಸೇರುವ ಸಂದಿನಲ್ಲಿ ಧ್ವನಿ ಕ್ಷಣಕಾಲ ಎಡವುತ್ತದೆ. ಇಂಗ್ಲಿಷಿನಲ್ಲಿ ಹೆಸರು ಎಲ್ಲಿ ಬಂದರೂ ರೂಪ ಬದಲಾಗದು. ಕನ್ನಡದಲ್ಲಿ ಹಾಗಲ್ಲ. 'ನುಡಿ'ಗೆ ಯಕಾರ ಬಂದು ನುಡಿಯನ್ನು ಎಂದಾಗುತ್ತದೆ. 'ಬರಹ'ಕ್ಕೆ ವಕಾರ ಬಂದು ಬರಹವನ್ನು ಎಂದಾಗುತ್ತದೆ. ಯಂತ್ರಕ್ಕೆ ಸಂಧಿ ತಿಳಿಯದು. ಅದು 'ನುಡಿ ಅನ್ನು', 'ಬರಹ ಅನ್ನು' ಎಂದು ಪ್ರತ್ಯಯವನ್ನು ಪದದಿಂದ ಕಿತ್ತು ಪಕ್ಕದಲ್ಲಿ ಕೂರಿಸುತ್ತದೆ. ಈ 'ಅನ್ನು' ಈಗ ಯಂತ್ರದಿಂದ ಇಳಿದು ಮಕ್ಕಳ ಉತ್ತರಪತ್ರಿಕೆಗೂ ಬಂದಿದೆ. ಪುಸ್ತಕ ಅನ್ನು ಓದಿದೆನು, ಮರ ಅನ್ನು ಕಡಿದರು ಎಂದು ಬರೆದವರಿಗೆ ನಾನು ಅಂಕ ಕಳೆಯುತ್ತೇನೆ. ಅವರು ದಿನವೂ ಕೈಯಲ್ಲಿ ಹಿಡಿದ ಪರದೆಯಿಂದ ಕಲಿತದ್ದೆಂದು ಗೊತ್ತಿದ್ದೂ ಕಳೆಯುತ್ತೇನೆ.

ಇದಕ್ಕೆ ಮದ್ದು ನಮ್ಮ ಭಾಷೆಯಲ್ಲಿಯೇ ಉಂಟು. 'ಎಂಬ' ಎಂಬ ಪದವನ್ನು ಕರೆಯಿರಿ. 'ನುಡಿ ಎಂಬ ತಂತ್ರಾಂಶವನ್ನು ಅಳವಡಿಸಿದ್ದಾಯಿತು' ಎಂದರೆ ಪ್ರತ್ಯಯದ ಹೊರೆಯನ್ನು 'ತಂತ್ರಾಂಶ' ಹೊರುತ್ತದೆ; ಖಾಲಿ ಸ್ಥಳದಲ್ಲಿ ಯಾವ ಹೆಸರು ಬಂದು ಕುಳಿತರೂ ವಾಕ್ಯ ಮುರಿಯುವುದಿಲ್ಲ. ಅಥವಾ ಹೆಸರನ್ನು ಕರ್ತೃಸ್ಥಾನದಲ್ಲಿಟ್ಟು 'ನುಡಿ ಸಿದ್ಧವಾಗಿದೆ' ಎನ್ನಬಹುದು. ಸಂಖ್ಯೆಯ ವಿಷಯದಲ್ಲಿಯೂ ನಮಗೆ ಅನುಕೂಲವಿದೆ. ಅನುವಾದದ ಕಡತಗಳಲ್ಲಿ ಏಕವಚನಕ್ಕೊಂದು ಬಹುವಚನಕ್ಕೊಂದು ರೂಪವನ್ನು ಕೊಡಬೇಕೆಂಬ ನಿಯಮವಿದೆ. ಆದರೆ 'ಮೂರು ದಿನ', 'ಹತ್ತು ಕಡತ' ಎಂದು ಹೇಳುವ ಭಾಷೆಗೆ ಅಲ್ಲಿ ಹೆಣಗಾಟವಿಲ್ಲ. ಹೆಣ್ಣು ಗಂಡು ಭೇದ ಕಾಣದಂತೆ ಬರೆಯಬೇಕೆಂದು ಡೆಬಿಯನ್ನಿನ ಕೈಪಿಡಿ ಹೇಳಿದರೆ 'ಬಳಕೆದಾರರು', 'ನೀವು' ಎಂಬ ನಮ್ಮ ಗೌರವದ ಬಹುವಚನವು ಆ ಕೆಲಸವನ್ನೂ ಮಾಡಿಕೊಡುತ್ತದೆ. 'ದಯವಿಟ್ಟು' ಕೂಡ ಎಲ್ಲೆಡೆ ಬೇಕಾಗಿಲ್ಲ. 'ಆರಿಸಿರಿ' ಎಂಬ ಕೊನೆಯ 'ಇರಿ'ಯಲ್ಲಿಯೇ ದಯೆಯೂ ಮರ್ಯಾದೆಯೂ ಇವೆ.

ಸಂದೇಶದ ಮಾತನ್ನು ತಿದ್ದುವುದು ಹೊರಗಿನ ಲೋಕದಲ್ಲಿ ಹಗುರವಾದ ಕೆಲಸವೆಂದು ಎಣಿಸಲ್ಪಟ್ಟಿಲ್ಲ. ಡೆಬಿಯನ್ ಬಳಗದಲ್ಲಿ 2007ರಲ್ಲಿ ಸ್ಮಿತ್ ಪರಿಶೀಲನಾ ಯೋಜನೆಯೆಂಬುದೊಂದು ಆರಂಭವಾಯಿತು. ಪ್ಯಾಕೇಜನ್ನು ಅಳವಡಿಸುವಾಗ ಬಳಕೆದಾರರಿಗೆ ಕಾಣುವ ಇಂಗ್ಲಿಷ್ ವಾಕ್ಯಗಳನ್ನು ಇಂಗ್ಲಿಷ್ ಬಲ್ಲವರು ಒಂದೊಂದಾಗಿ ಓದಿ ತಿದ್ದಿ, ತಿದ್ದಿದ ಮೇಲೆ ಲೋಕದ ಅನುವಾದಕರ ಕೈಗೆ ಕೊಡುವುದು ಅದರ ಕ್ರಮ. ಮೂಲವೇ ಮಸಕಾಗಿದ್ದರೆ ಹತ್ತಾರು ಭಾಷೆಗಳಲ್ಲಿ ಆ ಮಸಕು ಹರಡುವುದೆಂಬ ಎಚ್ಚರ ಅವರದು. ಅಲ್ಲಿ ಇನ್ನೊಂದು ಬುದ್ಧಿಮಾತೂ ಇದೆ: 'ಹೌದು ಎಂಬುದನ್ನು ಒತ್ತಿರಿ' ಎಂದು ಬರೆಯಬಾರದು, ಓದುವವನ ಪರದೆಯಲ್ಲಿ ಆ ಹೆಸರಿನ ಗುಂಡಿ ಇರುತ್ತದೆಯೆಂಬ ಭರವಸೆಯಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಹೊಸದಾಗಿ ಅಳವಡಿಸಿದವರಿಗೆ ಒಂದು ಮಾತು, ಹಳೆಯದನ್ನು ಹೊಸ ಆವೃತ್ತಿಗೆ ಏರಿಸಿದವರಿಗೆ ಒಂದು ಮಾತು, ತೆಗೆದುಹಾಕಿದವರಿಗೆ ಮತ್ತೊಂದು ಮಾತು ಎಂದು ಬೇರೆ ಬೇರೆ ಹೇಳಲು ಅವಕಾಶವಿದೆ. ನೆಂಟ ಮೊದಲ ಸಲ ಬಂದಾಗ ಆಡುವ ಮಾತನ್ನೇ ಪ್ರತಿದಿನ ಬರುವ ನೆರೆಯವನಿಗೂ ಆಡಿದರೆ ನಗೆಪಾಟಲಲ್ಲವೆ?

ಅತಿಯಾದದ್ದೂ ಉಂಟು. ರೂಬಿ ಎಂಬ ಭಾಷೆಯವರು ಬಳಸುವ ಒಂದು ಪ್ಯಾಕೇಜು ಅಳವಡಿಸಿದ ಪ್ರತಿಸಲವೂ ಬಳಸುವವರಿಗೆ ಮೋಜು ಮಾಡಿರೆಂದು ಬರಿಯ ತಮಾಷೆಯ ಸಾಲೊಂದನ್ನು ಹೇಳುತ್ತಿತ್ತು. ಮೊದಲ ಸಲ ಅದು ನಗೆ. ನೂರನೆಯ ಸಲ ಸೊಳ್ಳೆ. 2019ರಲ್ಲಿ ನಡೆದದ್ದು ಇನ್ನಷ್ಟು ಯೋಚಿಸತಕ್ಕದ್ದು. ಜಗತ್ತಿನ ಅಸಂಖ್ಯ ಜಾಲತಾಣಗಳು ಆಧರಿಸಿ ನಿಂತಿರುವ ಕೋರ್-ಜೆಎಸ್ ಎಂಬ ಸಾಧನವನ್ನು ಬರೆದ ಡೆನಿಸ್ ಪುಷ್ಕರೆವ್ ಎಂಬ ರಷ್ಯದ ಲೇಖಕರು, ಅದನ್ನು ಅಳವಡಿಸಿದೊಡನೆ ಕಾಣುವಂತೆ, ಧನಸಹಾಯವನ್ನು ಕೋರಿ, ತಮಗೊಂದು ಒಳ್ಳೆಯ ಉದ್ಯೋಗವೂ ಬೇಕಾಗಿದೆಯೆಂದು ಬರೆದರು. ಅನೇಕರು ಸಿಡಿಮಿಡಿಗೊಂಡರು. ಅದೇ ವರ್ಷ ಎನ್‌ಪಿಎಂ ಎಂಬ ಪ್ಯಾಕೇಜ್ ವಿತರಣೆಯವರು, ನೆರವು ಬೇಡುವ ಲೇಖಕರ ವಿವರವನ್ನು ಬೇಕಾದವರು ಕೇಳಿ ನೋಡುವಂತೆ ಬೇರೊಂದು ಆಜ್ಞೆಯನ್ನೇ ಸೇರಿಸಿದರು. ಪುಕ್ಕಟೆಯಾಗಿ ದುಡಿದವನು ಕೈಚಾಚಿದ್ದು ತಪ್ಪೆಂದು ನನಗೆ ತೋರುವುದಿಲ್ಲ. ಚಾಚಿದ ಸ್ಥಳವನ್ನು ಕುರಿತು ಮಾತ್ರ ಚರ್ಚೆಯಿರಬಹುದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನೂ ಬಿರುದುಗಳನ್ನೂ ಕೆತ್ತಿದ್ದಾರೆ. ಕೆತ್ತಿದ್ದು ಮದನಿಕೆಯ ಮುಖದ ಮೇಲಲ್ಲ, ಪೀಠದಲ್ಲಿ. ನೋಡಬಂದವನು ಮೊದಲು ಮೂರ್ತಿಯನ್ನು ನೋಡುತ್ತಾನೆ. ಮಾಡಿದವನು ಯಾರೆಂಬ ಕುತೂಹಲ ಹುಟ್ಟಿದರೆ ಬಾಗಿ ಓದುತ್ತಾನೆ.

ಹಾಗಾದರೆ ಸಂದೇಶವು ಹೇಗಿರಬೇಕು? ಮೇಲೆ ಹೊಸೆದ ವಾಕ್ಯವನ್ನು ನಮ್ಮ ಎಂ.ಎ. ತರಗತಿಗೆ ಕೊಟ್ಟು, ಅಜ್ಜಿಗೆ ಓದಿ ಹೇಳಿದರೂ ತಿಳಿಯುವಂತೆ ಬರೆದು ತನ್ನಿರೆಂದು ಹೇಳಿದೆನು. ಬಂದವುಗಳನ್ನು ಕೂಡಿಸಿ ಕಳೆದು ಕೊನೆಗೆ ಉಳಿದದ್ದು ಇದು: 'ಕನ್ನಡ ಕೀಲಿಮಣೆ ಸಿದ್ಧವಾಗಿದೆ. ಬಳಸುವ ಮೊದಲು ಒಂದು ಕೆಲಸ ಬಾಕಿ ಇದೆ. ಗಣಕದಿಂದ ಲಾಗ್‌ಔಟ್ ಆಗಿ, ಮತ್ತೆ ಲಾಗಿನ್ ಆಗಿರಿ. ಅನಂತರ ಕೀಲಿಮಣೆಯ ಸಿದ್ಧತೆಯಲ್ಲಿ ಕನ್ನಡವನ್ನು ಆರಿಸಿಕೊಳ್ಳಿರಿ.' ಮೂಲದಲ್ಲಿ ಎರಡು ವಾಕ್ಯವಿತ್ತು, ಇಲ್ಲಿ ನಾಲ್ಕಾಯಿತು. ಚಿಕ್ಕದಾಗಿರಬೇಕೆಂಬ ನಿಯಮವನ್ನು ಅಕ್ಷರ ಎಣಿಸಿ ಪಾಲಿಸಬೇಕಾಗಿಲ್ಲ. ಮುಂದಿನ ಹೆಜ್ಜೆ ಕಾಣದಷ್ಟು ಚಿಕ್ಕದಾದರೆ ಫಲವೇನು? ಲಾಗಿನ್, ಲಾಗ್‌ಔಟ್ ಎಂಬ ಇಂಗ್ಲಿಷ್ ಮಾತುಗಳನ್ನು ಇಟ್ಟುಕೊಂಡದ್ದಕ್ಕೆ ಇಬ್ಬರು ವಿದ್ಯಾರ್ಥಿಗಳು ಆಕ್ಷೇಪಿಸಿದರು. ಟಿಕೇಟನ್ನೂ ಬಸ್ಸನ್ನೂ ಬಿಟ್ಟುಕೊಡದ ಕನ್ನಡವು ಇವೆರಡಕ್ಕೂ ಸ್ಥಳ ಕೊಟ್ಟೀತೆಂದು ನಾನು ಹೇಳಿದೆನು.

ಇದಕ್ಕೆ ವಿರೋಧವಾಗಿ ಹೇಳುವವರು ಎರಡು ಮಾತನ್ನು ಹೇಳುತ್ತಾರೆ. ಸಂಸ್ಕೃತದ ಪರಿಭಾಷೆಯಿದ್ದರೆ ಭಾರತದ ಭಾಷೆಗಳಿಗೆಲ್ಲ ಒಂದೇ ಶಬ್ದ ದೊರೆಯುವುದೆಂಬುದು ಒಂದು. ಶಾಸ್ತ್ರಗ್ರಂಥದಲ್ಲಿ ಈ ಮಾತಿಗೆ ಬೆಲೆಯುಂಟು. ತನ್ನ ಗಣಕದ ಮುಂದೆ ಒಬ್ಬಂಟಿಯಾಗಿ ಕುಳಿತವನಿಗೆ ಒಡಿಯಾದಲ್ಲಿಯೂ ಇದೇ ಶಬ್ದವಿದೆಯೆಂಬುದರಿಂದ ಸಮಾಧಾನವಾಗದು. ಕನ್ನಡಿಗರೆಲ್ಲ ಇಂಗ್ಲಿಷ್ ಪರದೆಯನ್ನೇ ಇಟ್ಟುಕೊಳ್ಳುವರು, ಇದನ್ನು ಓದುವವರು ಯಾರೆಂಬುದು ಎರಡನೆಯದು. ಇದು ನಿಜವೂ ಹೌದು, ವಿಷಾದವೂ ಹೌದು. 2011ರಲ್ಲಿ ಹೊರಬಂದ ಡೆಬಿಯನ್ನಿನ ಆವೃತ್ತಿಯಲ್ಲಿ ಇಡೀ ವ್ಯವಸ್ಥೆಯನ್ನೇ ಕನ್ನಡದಲ್ಲಿ ಅಳವಡಿಸುವ ಸೌಕರ್ಯವು ಬಂದಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಗಣಕ ಪರಿಷತ್ತಿನ 'ನುಡಿ' ಇವು ಬಂದು ಕನ್ನಡವನ್ನು ಬರೆಯುವುದು ಸುಲಭವಾಯಿತು. ಬರೆಯಲು ಕಲಿತ ನಾವು ಗಣಕವು ಕನ್ನಡದಲ್ಲಿ ನಮಗೆ ಹೇಳುವುದನ್ನು ಓದಲು ಹಿಂಜರಿಯುತ್ತೇವೆ. ಓದಿದರೆ ತಿಳಿಯುವುದಿಲ್ಲ, ತಿಳಿಯದ್ದರಿಂದ ಓದುವುದಿಲ್ಲ, ಓದುವವರಿಲ್ಲದ್ದರಿಂದ ತಿದ್ದುವವರೂ ಇಲ್ಲ. ಸ್ವತಂತ್ರ ತಂತ್ರಾಂಶಗಳ ಅನುವಾದದ ಕಡತಗಳು ಎಲ್ಲರಿಗೂ ತೆರೆದಿವೆ. ಒಂದು ಸಾಲು ಮೂಲ, ಅದರ ಕೆಳಗೆ ಒಂದು ಸಾಲು ಅನುವಾದ; ಕಾರ್ಯಕ್ರಮ ಬರೆಯುವ ವಿದ್ಯೆಯೇನೂ ಬೇಡ. ಕನ್ನಡ ಎಂ.ಎ. ಓದಿದವರಿಗೆ ಬೇಕಾದಷ್ಟು ಕೆಲಸ ಅಲ್ಲಿದೆ.

ನಮ್ಮ ತರಗತಿಯಲ್ಲಿ ಇತ್ಯರ್ಥವಾಗದೆ ಉಳಿದದ್ದು ಒಂದು ಶಬ್ದ. ಅಳವಡಿಸಿದ ತಂತ್ರಾಂಶವು ಬೇಡವಾದಾಗ ಅದನ್ನು ಹೊರಹಾಕುವ ಬಗೆಯನ್ನೂ ಸಂದೇಶದಲ್ಲಿ ಹೇಳಬೇಕೆಂದು ಎಲ್ಲರೂ ಒಪ್ಪಿದರು. ಆ ಕ್ರಿಯೆಗೆ ಏನೆನ್ನಬೇಕು? 'ಕಿತ್ತುಹಾಕು' ಒರಟೆಂದರು, 'ನಿಷ್ಕಾಸಿಸು' ಎಂದವನನ್ನು ಉಳಿದವರು ಮಾತಾಡಗೊಡಿಸಲಿಲ್ಲ. ಅರಸೀಕೆರೆಯ ಗಣಪತಿ ಉತ್ಸವದಲ್ಲಿ ಬೆಳೆದ ಹುಡುಗನೊಬ್ಬನು, ಕೂರಿಸಿದ್ದು ಪ್ರತಿಷ್ಠೆಯಾದರೆ ಕಳುಹಿಸುವುದು ವಿಸರ್ಜನೆಯಲ್ಲವೆ ಸಾರ್ ಎಂದನು. ತರಗತಿಯೆಲ್ಲ ನಕ್ಕಿತು. ಶಬ್ದವೇನೋ ಚೆನ್ನಾಗಿದೆ, ಆದರೆ ವಿಸರ್ಜನೆಯಾದ ಗಣಪತಿ ಮರುವರ್ಷ ಬಂದೇ ಬರುತ್ತಾನೆ, ತೆಗೆದುಹಾಕಿದ ತಂತ್ರಾಂಶವು ಮತ್ತೆ ಬರಬಾರದೆಂದೇ ಹೆಚ್ಚಿನವರ ಆಸೆ ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಡೆದಳು. ಸದ್ಯಕ್ಕೆ 'ತೆಗೆದುಹಾಕು' ಎಂದು ಬರೆದಿಟ್ಟಿದ್ದೇವೆ.